ಚಾಸಿಯನ್ನು ಕೈಬಿಟ್ಟ ಬಸ್ಸು: ಸೆಟ್ರಾ

ಹೊಸೂರಿನಿಂದ ಬೆಂಗಳೂರಿನತ್ತ ಬರುವ ಹೆದ್ದಾರಿಯಲ್ಲಿ ಬರೀ ಚಾಸಿ ಓಡುವುದನ್ನು ಒಮ್ಮೆಯಾದರೂ ನೋಡದವರು ಕಡಿಮೆ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಒಂದು ಎಂಜಿನ್, ಆರು ಚಕ್ರ. ಗೋಡೆಯೂ ಇಲ್ಲ, ಸೂರೂ ಇಲ್ಲ. ತಲೆಗೆ ಟವೆಲ್ ಸುತ್ತಿಕೊಂಡ ಚಾಲಕ ಬಿಸಿಲು ಧೂಳು ಎರಡನ್ನೂ ಉಣ್ಣುತ್ತ ಅದನ್ನು ಬಾಡಿ ಕಟ್ಟುವವರ ಶೆಡ್ಡಿಗೆ ಒಯ್ಯುತ್ತಿರುತ್ತಾನೆ. ಕೆಂಗೇರಿಯ ಕೆಎಸ್‌ಆರ್‌ಟಿಸಿ ಕಾರ್ಯಾಗಾರದಲ್ಲಿ ಸಿದ್ಧವಾದ ನಮ್ಮ ಕೆಂಪು ಬಸ್ಸುಗಳು ಹುಟ್ಟಿದ್ದೂ ಹೀಗೆಯೇ. ಬಸ್ಸೆಂದರೆ ಚಾಸಿ, ಅದರ ಮೇಲೊಂದು ಬಾಡಿ ಎಂದೇ ತಿಳಿದು ಬೆಳೆದ ನನಗೆ, ಆ ಚಾಸಿಯನ್ನೇ ಬೇಡವೆಂದು ತೆಗೆದುಹಾಕಿದ್ದನ್ನು ತನ್ನ ಹೆಸರಾಗಿ ಇಟ್ಟುಕೊಂಡ ಜರ್ಮನ್ ಬಸ್ಸೊಂದಿದೆ ಎಂದು ತಿಳಿದ ದಿನದಿಂದ ಸೆಟ್ರಾದ ಮೇಲಿನ ಕುತೂಹಲ ಇಳಿದಿಲ್ಲ.

ಕಥೆ ಶುರುವಾಗುವುದು ಡ್ಯಾನ್ಯೂಬ್ ನದಿಯ ದಡದ ಉಲ್ಮ್ ಪಟ್ಟಣದಲ್ಲಿ. ಅಲ್ಲಿನ ಕೇಸ್‌ಬೋರರ್ ಮನೆತನದವರು ಮೂಲತಃ ನದಿಯ ಮೇಲೆ ದೋಣಿ ಕಟ್ಟಿ ಬದುಕಿದವರು. ಆ ಮನೆತನದ ಕಾರ್ಲ್ ಕೇಸ್‌ಬೋರರ್ 1893ರಲ್ಲಿ ಗಾಡಿ ಕಟ್ಟುವ ಕಾರ್ಖಾನೆಯೊಂದನ್ನು ತೆರೆದ. ಕುದುರೆಗಾಡಿಯಿಂದ ಮೋಟಾರು ವಾಹನಕ್ಕೆ ದಾಟಿದ ಆ ಕಾರ್ಖಾನೆಯ ಮೊದಲ ಬಸ್ಸು 1911ರಲ್ಲಿ ಹೊರಬಂತು. 1922ರಲ್ಲಿ ಆತ ತೀರಿಕೊಂಡ ಮೇಲೆ ಕಾರ್ಖಾನೆ ಮಕ್ಕಳಾದ ಕಾರ್ಲ್ ಮತ್ತು ಒಟ್ಟೊ ಅವರ ಕೈಗೆ ಬಂತು. ಅಲ್ಲಿಂದ ಮುಂದೆಯೂ ಬಹುಕಾಲ ಅವರು ಮಾಡಿದ್ದು ನಮ್ಮ ಬಾಡಿ ಬಿಲ್ಡರುಗಳ ಕೆಲಸವನ್ನೇ: ಬೇರೆಯವರ ಚಾಸಿ, ತಮ್ಮ ಬಾಡಿ.

ಈ ವ್ಯವಸ್ಥೆಯಲ್ಲಿ ಎರಡು ತೊಡಕುಗಳಿದ್ದವು. ಚಾಸಿ ತಯಾರಕ ಎಂಜಿನ್ ಎಲ್ಲಿಟ್ಟನೋ, ನೆಲವನ್ನು ಎಷ್ಟು ಎತ್ತರಕ್ಕೆ ಏರಿಸಿದನೋ, ಬಾಡಿ ಕಟ್ಟುವವನು ಅದಕ್ಕೆ ಒಗ್ಗಿಕೊಳ್ಳಬೇಕು ಎನ್ನುವುದು ಒಂದು. ಭಾರವನ್ನೆಲ್ಲ ಆ ಎರಡು ತೊಲೆಗಳೇ ಹೊರುವುದರಿಂದ ಮೇಲಿನ ಗೋಡೆ, ಕಂಬ, ಸೂರುಗಳು ಬರೀ ಹೊರೆಯಾಗಿ ಕೂರುತ್ತವೆ ಎನ್ನುವುದು ಇನ್ನೊಂದು. ಒಟ್ಟೊ ಕೇಸ್‌ಬೋರರ್ ಕಂಡುಕೊಂಡ ಉತ್ತರ, 1951ರ ಫ್ರಾಂಕ್‌ಫರ್ಟ್ ವಾಹನ ಮೇಳದಲ್ಲಿ ಎಸ್ 8 ಎಂಬ ಹೆಸರಿನಲ್ಲಿ ಜನರೆದುರು ನಿಂತಿತು. ಉಕ್ಕಿನ ಚೌಕ ಕೊಳವೆಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ಪಂಜರವೇ ಅದರ ಮೈ. ನೆಲ, ಗೋಡೆ, ಸೂರು ಎಲ್ಲವೂ ಭಾರದಲ್ಲಿ ಪಾಲು ತೆಗೆದುಕೊಂಡವು. ತೊಲೆಗಳಿಗೆ ಕೆಲಸವೇ ಉಳಿಯಲಿಲ್ಲ. ಹೆನ್ಶೆಲ್ ಕಂಪನಿಯ ಎಂಜಿನ್ ಹಿಂಬದಿಗೆ ಹೋಯಿತು. ಎಂಜಿನ್ ಅಲ್ಲಿ, ಓಡಿಸುವ ಚಕ್ರಗಳೂ ಅಲ್ಲೇ ಆದಾಗ ಬಸ್ಸಿನ ಉದ್ದಕ್ಕೂ ತಿರುಗುವ ಶಾಫ್ಟು ಬೇಕಿಲ್ಲ. ಅದು ಬಿಟ್ಟುಕೊಟ್ಟ ಜಾಗ ಪ್ರಯಾಣಿಕರ ಪೆಟ್ಟಿಗೆಗಳಿಗೆ ಸಿಗುತ್ತದೆ. ಇಂದಿನ ಯಾವುದೇ ಪ್ರವಾಸಿ ಬಸ್ಸಿನ ಹೊಟ್ಟೆಯ ಬಾಗಿಲು ಎತ್ತಿದಾಗ ಕಾಣುವ ಆ ವಿಶಾಲ ಗೂಡಿನ ಹಿಂದಿರುವುದು ಇದೇ ತರ್ಕ.

ತನ್ನ ಭಾರವನ್ನು ತಾನೇ ಹೊರುವುದಕ್ಕೆ ಜರ್ಮನ್ ಭಾಷೆಯಲ್ಲಿ ‘ಸೆಲ್ಬ್‌ಸ್ಟ್‌ಟ್ರಾಗೆಂಡ್’ ಎನ್ನುತ್ತಾರೆ. ಅದರ ಮೊದಲ ‘ಸೆ’, ನಡುವಿನ ‘ಟ್ರಾ’ ಸೇರಿ ಸೆಟ್ರಾ. ಎಸ್ 8ರ ಎಂಟು ಎಂದರೆ ಸೀಟುಗಳ ಎಂಟು ಸಾಲು. ವಾಹನಗಳಿಗೆ ಹುಲಿ, ಚಿರತೆ, ನಕ್ಷತ್ರಗಳ ಹೆಸರಿಡುವ ಈ ಲೋಕದಲ್ಲಿ, ಒಳಗೆ ಎಷ್ಟು ಸಾಲು ಸೀಟು ಹಿಡಿಯುತ್ತದೆ ಎಂಬುದನ್ನೇ ಹೆಸರು ಮಾಡಿದ ಈ ಪದ್ಧತಿ ನನಗೆ ಬಹಳ ಮೆಚ್ಚುಗೆಯಾದದ್ದು. 1955ರಲ್ಲಿ ಆರು ಸಾಲಿನ ಪುಟ್ಟ ಎಸ್ 6 ಬಂತು. 1959ರ 10ನೆಯ ಸರಣಿಯಲ್ಲಿ ಒಂದೇ ಬಗೆಯ ಬಿಡಿಭಾಗಗಳಿಂದ ಬೇರೆ ಬೇರೆ ಉದ್ದದ ಬಸ್ಸುಗಳನ್ನು ಜೋಡಿಸುವ ಕ್ರಮ ಶುರುವಾಯಿತು. ಪಂಜರದ ರಚನೆಗೆ ಇದು ಸಹಜವಾಗಿ ಹೊಂದುತ್ತದೆ: ನಡುವೆ ಒಂದು ಅಂಕಣ ಸೇರಿಸಿದರೆ ಬಸ್ಸು ಉದ್ದವಾಯಿತು, ತೆಗೆದರೆ ಗಿಡ್ಡವಾಯಿತು.

1967ರ 100ನೆಯ ಸರಣಿಯಲ್ಲಿ ಸಾಲುಗಳ ಸಂಖ್ಯೆಗೆ ಒಂದು ಸೊನ್ನೆ ಅಂಟಿತು. ಹದಿನೈದು ಸಾಲಿನದು ಎಸ್ 150 ಆಯಿತು. 1976ರ 200ನೆಯ ಸರಣಿಯಿಂದ ಮೊದಲ ಅಂಕಿ ಸರಣಿಯದು, ಉಳಿದೆರಡು ಸಾಲುಗಳದು ಎಂಬ ಲೆಕ್ಕ ನಿಂತಿತು. ದಕ್ಷಿಣ ಜರ್ಮನಿಯ ಪ್ರವಾಸಿ ತಾಣವೊಂದರ ಪಾರ್ಕಿಂಗಿನಲ್ಲಿ ಎಸ್ 215 ಎಚ್‌ಡಿ ಒಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಫಲಕದ ಮೇಲಿನ ಅಂಕಿ ಓದಿ, ಕಿಟಕಿಯ ಹೊರಗೆ ನಿಂತು ಮುಂದಿನಿಂದ ಹಿಂದಕ್ಕೆ ತಲೆದಿಂಬುಗಳನ್ನು ಬೆರಳಲ್ಲಿ ಎಣಿಸುತ್ತಿದ್ದ ನನ್ನನ್ನು, ಮೆಟ್ಟಿಲ ಮೇಲೆ ಕಾಫಿ ಕುಡಿಯುತ್ತಿದ್ದ ಚಾಲಕ ಅನುಮಾನದಿಂದಲೇ ನೋಡಿದ. ಎಚ್‌ಡಿ ಎಂದರೆ ಎತ್ತರದ ನೆಲದ್ದು, ಎಚ್‌ಡಿಎಚ್ ಅದಕ್ಕೂ ಎತ್ತರದ್ದು, ಡಿಟಿ ಎರಡು ಮಹಡಿಯ ಪ್ರವಾಸಿ ಬಸ್ಸು, ಯುಎಲ್ ಊರೂರಿಗೆ ಓಡಾಡುವಂಥದ್ದು. ನೇರ ಗೆರೆಗಳ, ಅಲಂಕಾರದ ಹಂಗಿಲ್ಲದ ಆ 200ನೆಯ ಸರಣಿಯೇ ನನ್ನ ಕಣ್ಣಿಗೆ ಇವತ್ತಿಗೂ ಎಲ್ಲಕ್ಕಿಂತ ಚೆಂದ. 1991ರ 300ನೆಯ ಸರಣಿಯಲ್ಲಿ ಕನ್ನಡಿಗಳು ಸೂರಿನ ಅಂಚಿನಿಂದ ಕೀಟದ ಮೀಸೆಗಳಂತೆ ಮುಂದಕ್ಕೆ ಬಾಗಿ ಇಳಿದವು. ಆಮೇಲೆ ಎಲ್ಲ ಕಂಪನಿಗಳ ಪ್ರವಾಸಿ ಬಸ್ಸುಗಳಿಗೂ ಈ ಮೀಸೆ ಬಂದದ್ದರಿಂದ ಈಗ ಯಾರಿಗೂ ವಿಚಿತ್ರವೆನಿಸುವುದಿಲ್ಲ.

1992ರಲ್ಲಿ ನದಿಯಾಚೆಯ ನಾಯ್-ಉಲ್ಮ್‌ನಲ್ಲಿ ಹೊಸ ಕಾರ್ಖಾನೆ ಎದ್ದಿತು. ಅಲ್ಲಿಗೆ ಡ್ಯಾನ್ಯೂಬ್ ದಾಟಿದರೆ ರಾಜ್ಯವೇ ಬದಲಾಗಿ ಬವೇರಿಯಾ ಬರುತ್ತದೆ. ಆದರೆ ಮೂರೇ ವರ್ಷಗಳಲ್ಲಿ ಕುಟುಂಬದ ಒಡೆತನ ಮುಗಿಯಿತು. 1995ರಲ್ಲಿ ಬಸ್ಸಿನ ವ್ಯವಹಾರ ಡೈಮ್ಲರ್-ಬೆನ್ಜ್ ಪಾಲಾಗಿ, ಮರ್ಸಿಡಿಸ್ ಬಸ್ಸುಗಳೊಂದಿಗೆ ಇವೊಬಸ್ ಎಂಬ ಒಂದೇ ಕಂಪನಿಯಡಿ ಸೇರಿತು. ಸೆಟ್ರಾ ಎಂಬ ಹೆಸರು ಉಳಿಯಿತು, ಕೇಸ್‌ಬೋರರ್ ಎಂಬ ಹೆಸರು ಬಸ್ಸಿನಿಂದ ಅಳಿಯಿತು. ಆ ಹೆಸರನ್ನು ಇಂದು ಕಾಣಬೇಕಾದರೆ ಟರ್ಕಿಯ ತಿರ್ಸಾನ್ ಕಂಪನಿಯ ಟ್ರೇಲರುಗಳ ಬೆನ್ನು ನೋಡಬೇಕು, ಇಲ್ಲವೇ ಸ್ಕೀ ಇಳಿಜಾರುಗಳಲ್ಲಿ ಹಿಮ ಹಸನು ಮಾಡುವ ಪಿಸ್ಟೆನ್‌ಬುಲ್ಲಿ ಯಂತ್ರಗಳನ್ನು ತಯಾರಿಸುವವರ ಬೋರ್ಡು ನೋಡಬೇಕು.

2001ರಲ್ಲಿ 400ನೆಯ ಸರಣಿ, 2012ರಲ್ಲಿ 500ನೆಯದು ಬಂದವು. ಗಾಳಿಯನ್ನು ಸೀಳುವ ಗುಣದಲ್ಲಿ 500ನೆಯ ಸರಣಿಯ ಗುಣಾಂಕ (ಇದು ಕಡಿಮೆಯಾದಷ್ಟೂ ಒಳ್ಳೆಯದು) 0.33 ಎಂದು ಕಂಪನಿ ಹೇಳಿಕೊಂಡದ್ದು, ಗೋಡೆಯಂಥ ಮುಖದ ವಾಹನಕ್ಕೆ ಸಣ್ಣ ಸಾಧನೆಯಲ್ಲ. ಎರಡು ಮಹಡಿಯ ಎಸ್ 531 ಡಿಟಿ 2017ರಲ್ಲಿ ಸೇರಿಕೊಂಡಿತು.

ಚಾಸಿ ಇಲ್ಲದ ಬಸ್ಸಿಗೆ ಒಂದು ಕೊರತೆಯೂ ಉಂಟು. ನಮ್ಮಲ್ಲಿ ಬಾಡಿ ಹಳತಾದರೆ ಕಳಚಿ, ಅದೇ ಚಾಸಿಯ ಮೇಲೆ ಹೊಸದನ್ನು ಕಟ್ಟಿಸಬಹುದು. ಸೆಟ್ರಾದಲ್ಲಿ ಮೈಗೆ ತುಕ್ಕು ಹಿಡಿದರೆ ಎಲುಬಿಗೇ ಹಿಡಿದಂತೆ. ಅದರ ಬದಲಿಗೆ ಸಿಗುವ ಲಾಭ ಏನೆಂದು ತಿಳಿಯಲು ಯುರೋಪಿನ ಆರ್ 66 ಎಂಬ ನಿಯಮದ ಪರೀಕ್ಷೆಯನ್ನು ನೋಡಬೇಕು. ಬಸ್ಸನ್ನು ವೇದಿಕೆಯ ಮೇಲೆ ನಿಲ್ಲಿಸಿ, ಮೆಲ್ಲಗೆ ಒಂದು ಬದಿಗೆ ವಾಲಿಸುತ್ತ ಹೋಗಿ, 800 ಮಿಲಿಮೀಟರ್ ಆಳದ ಹಳ್ಳಕ್ಕೆ ಉರುಳಿಸುತ್ತಾರೆ. ಬಿದ್ದ ಮೇಲೆ ಸೀಟುಗಳ ಸುತ್ತ ಗುರುತು ಮಾಡಿಟ್ಟ ಜಾಗದೊಳಕ್ಕೆ ಕಂಬವಾಗಲಿ ಸೂರಾಗಲಿ ನುಗ್ಗಿರಬಾರದು. ಆ ಹೊತ್ತಿನಲ್ಲಿ ನೆಲದಡಿಯ ತೊಲೆಗಳು ಎಷ್ಟೇ ಗಟ್ಟಿಯಿದ್ದರೂ ತಲೆ ಕಾಯುವುದಿಲ್ಲ; ಕಿಟಕಿಗಳ ನಡುವಿನ ಆ ಕಿರಿದಾದ ಕಂಬಗಳೇ ಕಾಯಬೇಕು.