ಬೆಳಗಿನ ಟಿಕ್ ಟಿಕ್: ಎಕ್ಸಾಸ್ಟ್ ಪ್ಯಾಕಿಂಗ್ ಹೋಗಿದೆಯಾ ನೋಡಿ

ರಾತ್ರಿಯಿಡೀ ನಿಂತ ಕಾರು ಸ್ಟಾರ್ಟ್ ಆದ ಕೂಡಲೇ ಟಿಕ್ ಟಿಕ್ ಅಂದು, ಬಿಸಿಯಾಗುತ್ತಾ ಸದ್ದು ಅಡಗಿದರೆ ಟ್ಯಾಪೆಟ್ಟಿಗೆ (ವಾಲ್ವ್ ತೆರೆಸುವ ಭಾಗ) ಕೈ ಹಾಕುವ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೋಡಿ. ಎಂಜಿನ್ ಹೆಡ್ಡಿನಿಂದ (ಸಿಲಿಂಡರ್‌ಗಳ ಮೇಲಿನ ಭಾಗ) ಹೊಗೆ ಒಯ್ಯುವ ಕೊಳವೆಗಳ ಜೋಡಣೆ ಅದು. ಇವೆರಡರ ನಡುವಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಹೋದರೆ ಸಂದಿನಿಂದ ಹೊಗೆ ಸೋರಿ ಆ ಸದ್ದು ಬರುತ್ತದೆ. ಕಾದ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅಷ್ಟೇ. ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ಬಿಚ್ಚಿ ಟಾರ್ಚ್ ಬಿಟ್ಟರೆ ಹೆಡ್ಡಿನ ಅಂಚಿನಲ್ಲಿ ಬೀಸಣಿಗೆಯಂತೆ ಹರಡಿದ ಮಸಿ ಸಿಗುತ್ತದೆ. ಆ ಮಸಿಯ ಬುಡವೇ ಸೋರುವ ಜಾಗ.

ಇದನ್ನು ಮುಂದೂಡಬೇಡಿ. ಅದೇ ಸಂದಿನಿಂದ ಹೊರಗಾಳಿಯೂ ಒಳಹೋಗುತ್ತದೆ. ಆಗ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಸಾಲುತ್ತಿಲ್ಲವೆಂದು ತಪ್ಪು ವರದಿ ಕೊಡುತ್ತದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ. ಎಲ್ಲಕ್ಕಿಂತ ಅಪಾಯ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್‌ಗೆ ಬರಬಹುದು.

ಪ್ಯಾಕಿಂಗ್ ಅಗ್ಗ, ಕಷ್ಟವೆಲ್ಲ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವ ಸ್ಟಡ್‌ಗಳದ್ದು (ತಲೆಯಿಲ್ಲದ ಬೋಲ್ಟ್‌ಗಳು). ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಓಡಿದ ಕಾರಾದರೆ ಇನ್ನೂ ಹೆಚ್ಚು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮರುದಿನ ತಣ್ಣಗಿರುವ ಎಂಜಿನ್‌ನಲ್ಲಿ ಬ್ಯಾಟರಿಯ ನೆಗೆಟಿವ್ ಮತ್ತು ಸೆನ್ಸರ್ ಕನೆಕ್ಟರ್ ತೆಗೆದು ಕೆಲಸ ಶುರು ಮಾಡಿ. ನಟ್ ಕದಲದಿದ್ದರೆ ಬಲ ಹಾಕಬೇಡಿ: ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಮತ್ತೆ ಎಣ್ಣೆ. ಅಲ್ಯೂಮಿನಿಯಂ ಹೆಡ್ಡಿನೊಳಗೆ ಸ್ಟಡ್ ಮುರಿದರೆ ಅದು ಲೇತ್ ಅಂಗಡಿಯ ಕೆಲಸ. ಬಿಚ್ಚಿದ ಡೌನ್‌ಪೈಪನ್ನು (ಮ್ಯಾನಿಫೋಲ್ಡಿನಿಂದ ಕೆಳಗಿಳಿಯುವ ಹೊಗೆಕೊಳವೆ) ತಂತಿಯಿಂದ ಮೇಲಕ್ಕೆ ಕಟ್ಟಿ. ಅದರ ಭಾರ ಸೆನ್ಸರ್ ವೈರಿನ ಮೇಲೆ ಬೀಳಬಾರದು.

ಹೆಡ್ಡಿನ ಪೋರ್ಟುಗಳಿಗೆ (ಹೊಗೆ ಹೊರಬರುವ ತೂತುಗಳು) ಬಟ್ಟೆ ತುರುಕಿ, ಹಳೇ ಪ್ಯಾಕಿಂಗನ್ನು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆಯಿರಿ. ಅಲ್ಯೂಮಿನಿಯಂಗೆ ಗ್ರೈಂಡರ್ ಡಿಸ್ಕ್ ಮುಟ್ಟಿಸಿದರೆ ತಗ್ಗು ಬೀಳುತ್ತದೆ, ಹೊಸ ಪ್ಯಾಕಿಂಗ್ ಅಲ್ಲೇ ಸೋರುತ್ತದೆ. ಆಮೇಲೆ ಮ್ಯಾನಿಫೋಲ್ಡ್ ಮುಖದ ಮೇಲೆ ಸ್ಟೀಲ್ ನೇರಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ. ಎಷ್ಟು ಡೊಂಕು ನಡೆಯುತ್ತದೆಂಬುದು ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಹಲವು ಕಾರುಗಳಲ್ಲಿ ಅದು 0.1 ಮಿ.ಮೀ. ಆಸುಪಾಸು. ಮೀರಿದ್ದರೆ ಮುಖ ಸಮ ಮಾಡಿಸಿ. ಹೊಸ ಪ್ಯಾಕಿಂಗ್ ಬೇಗ ಹಾರುವುದು ಹೆಚ್ಚಾಗಿ ಈ ಪರೀಕ್ಷೆ ಬಿಟ್ಟ ಕಡೆಯಲ್ಲೇ.

ಪದರಪದರದ ಸ್ಟೀಲ್ ಪ್ಯಾಕಿಂಗನ್ನು ಒಣದಾಗಿಯೇ ಕೂರಿಸಿ. ಸಾಮಾನ್ಯ ಸಿಲಿಕೋನ್ ಈ ಬಿಸಿಗೆ ಸುಟ್ಟುಹೋಗುತ್ತದೆ. ನಟ್‌ಗಳು ಹೊಸವಿರಲಿ, ಡೌನ್‌ಪೈಪ್ ಕೀಲಿನ ಉಂಗುರದ ಪ್ಯಾಕಿಂಗನ್ನೂ ಜೊತೆಗೇ ಬದಲಿಸಿ. ನಡುವಿನ ನಟ್‌ನಿಂದ ಶುರುಮಾಡಿ ಎರಡೂ ತುದಿಯತ್ತ, ಮೂರು ಸುತ್ತಿನಲ್ಲಿ ಬಿಗಿಯಿರಿ. 8 ಮಿ.ಮೀ. ಸ್ಟಡ್ಡಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್. ನಿಮ್ಮ ಎಂಜಿನ್ನಿನ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ಎಂಜಿನ್ ಕಾಯಿಸುವ ಮುಂಚೆ ಸೈಲೆನ್ಸರ್ ಬಾಯಿಗೆ ಬ್ಲೋಯರ್ ಹಿಡಿದು ಸೇರುವೆಗಳಿಗೆ ಸೋಪುನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ಮತ್ತೆ ಬಿಚ್ಚಿ ನೋಡಬೇಕು.