ವಿಸಿಲ್ ಹೊಡೆಯೋನಿಗೆ ನಾಟಕ ಯಾಕೆ?

"ಅಲ್ಲ ಗುರು, ಕೆಜಿಎಫ್‌ಗೆ ಮೊದಲ ದಿನವೇ ಹೋಗಿ ವಿಸಿಲ್ ಹೊಡೀತೀಯ. ಮುಂದಿನ ವಾರ ನೋಡಿದ್ರೆ ರಂಗಶಂಕರದಲ್ಲಿ ನಾಟಕ ನೋಡ್ತಾ ಕೂತಿರ್ತೀಯ. ನಿನಗೆ ಯಾವುದು ಇಷ್ಟ, ಸರಿಯಾಗಿ ಹೇಳು!"

ನನ್ನನ್ನು ಹೀಗೆ ಕೇಳದವರಿಲ್ಲ. ಆಫೀಸಿನವರಿಗೆ ನಾಟಕ ಅಂದರೆ ಅನುಮಾನ. ನಾಟಕದ ಗೆಳೆಯರಿಗೆ ಮಾಸ್ ಸಿನಿಮಾ ಅಂದರೆ ಮೂಗು ಮೇಲೆ. ಆಫೀಸಿನವರನ್ನು ಒಂದು ಟಿಕೆಟ್ ಕೊಟ್ಟು ಒಪ್ಪಿಸಬಹುದು. ನಾಟಕದವರನ್ನು ಒಪ್ಪಿಸುವುದೇ ಕಷ್ಟ.

ನನಗೆ ಇವೆರಡೂ ಒಂದೇ ಮನೆಯವು. ನಮ್ಮ ಮಾಸ್ ಸಿನಿಮಾ ನಡೆಯಲು ಕಲಿತದ್ದೇ ಊರೂರು ಸುತ್ತಿ ಆಡುವ ಕಂಪನಿ ನಾಟಕದ ಡೇರೆಯಲ್ಲಿ. 1934ರಲ್ಲಿ ಬಂದ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ದಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ನಾಟಕದವರು. ಇಪ್ಪತ್ತು ವರ್ಷ ಬಿಟ್ಟು, 1954ರಲ್ಲಿ, ಗುಬ್ಬಿ ಕಂಪನಿಯ ಮುತ್ತುರಾಜ್ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆದರು. ಅದೇ ಚಿತ್ರದಿಂದ ನರಸಿಂಹರಾಜು ಕೂಡ ಬಂದರು. ಇನ್ನು ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ಗ್ರಾಫಿಕ್ಸ್ ಜಾಸ್ತಿ ಆಯ್ತು, ಆಡಂಬರ ಜಾಸ್ತಿ ಆಯ್ತು ಅಂತ ಇವತ್ತಿನ ಸಿನಿಮಾ ಬೈಯುವವರು ಈ ಆನೆಯನ್ನು ಎಲ್ಲಿ ಕಟ್ಟುತ್ತಾರೋ ಗೊತ್ತಿಲ್ಲ.

ನಂಬಿಕೆ ಬರದಿದ್ದರೆ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗಿ. ಬೇರೆ ಬೇರೆ ಊರಿನ ನಾಟಕ ಕಂಪನಿಗಳು ಅಲ್ಲಿ ವಾರಗಟ್ಟಲೆ ಕ್ಯಾಂಪ್ ಹಾಕುತ್ತವೆ. ಒಂದರ ಪಕ್ಕ ಒಂದು ಡೇರೆ, ಒಂದರ ಮೈಕಿಗಿಂತ ಇನ್ನೊಂದರ ಮೈಕು ಜೋರು. ಪೋಸ್ಟರ್ ಮೇಲೆ ಸಿನಿಮಾ, ಸೀರಿಯಲ್ ನಟರ ದೊಡ್ಡ ದೊಡ್ಡ ಮುಖ, 'ಅತಿಥಿ ಕಲಾವಿದರು' ಅಂತ.

ಒಳಗೆ ಹೋಗಿ ಕೂತು ನಾಯಕನ ಎಂಟ್ರಿ ಹೇಗೆ ಕಟ್ಟುತ್ತಾರೆ ನೋಡಿ. ಪರದೆ ಎದ್ದ ತಕ್ಷಣ ಅವನು ಬರುವುದಿಲ್ಲ. ಮೊದಲು ಹಾಸ್ಯದವನು ಬರುತ್ತಾನೆ, ಅವನ ಜೊತೆ ಒಬ್ಬಳು ಜಗಳಗಂಟಿ. ಮಾತೆಲ್ಲ ನಾಯಕನದೇ. ಅವನು ಹಂಗಂತೆ, ಹಿಂಗಂತೆ, ಗೌಡರ ಎದುರೇ ನಿಂತನಂತೆ. ಆಮೇಲೆ ಖಳನಾಯಕ ಬಂದು ಒಬ್ಬ ಬಡವನಿಗೆ ಕೈ ಎತ್ತುತ್ತಾನೆ. ಆಗ ಪಕ್ಕದಿಂದ ಬರೀ ಒಂದು ದನಿ, "ಏಯ್!" ಪ್ಯಾಡ್ ಬಾರಿಸುವವನು ಒಂದು ಏಟು ಹಾಕುತ್ತಾನೆ. ಆದರೂ ನಾಯಕ ಬರುವುದಿಲ್ಲ. ಜನ ಸಿಳ್ಳೆ ಹಾಕಲು ಶುರು ಮಾಡುತ್ತಾರೆ. ಸಿಳ್ಳೆ ಪೂರ್ತಿ ಏರಿದ ಮೇಲೆ ನಿಧಾನಕ್ಕೆ ಕಾಲಿಡುತ್ತಾನೆ.

ಈಗ ಯಾವುದೇ ಸ್ಟಾರ್ ಸಿನಿಮಾದ ಎಂಟ್ರಿ ನೆನಪಿಸಿಕೊಳ್ಳಿ. ಮೊದಲು ಊರವರ ಬಾಯಲ್ಲಿ ಅವನ ಕಥೆ. ಆಮೇಲೆ ಬೂಟು, ಕೈ, ಬೆನ್ನು. ಮುಖ ಕೊನೆಗೆ. ಇದು ಆ ಡೇರೆಯ ಲೆಕ್ಕವೇ ಅಲ್ವಾ? ಒಂದೇ ವ್ಯತ್ಯಾಸ. ಡೇರೆಯ ನಟ ಸಿಳ್ಳೆ ಎಷ್ಟು ಬಂತು ನೋಡಿಕೊಂಡು ಕಾಲಿಡುತ್ತಾನೆ. ಸಿನಿಮಾದವರು ಅದನ್ನು ತಿಂಗಳುಗಳ ಮೊದಲೇ ಎಡಿಟಿಂಗ್ ಟೇಬಲ್ ಮೇಲೆ ಅಂದಾಜು ಮಾಡಬೇಕು. ಅಂದಾಜು ತಪ್ಪಿದ ಸಿನಿಮಾಗಳಲ್ಲಿ ಹೀರೊ ಸ್ಲೋ ಮೋಷನ್‌ನಲ್ಲಿ ನಡೆಯುತ್ತಲೇ ಇರುತ್ತಾನೆ, ಜನ ಪಾಪ್‌ಕಾರ್ನ್ ತರಲು ಎದ್ದು ಹೋಗಿರುತ್ತಾರೆ.

ಕಂಪನಿ ನಾಟಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಮೈಕು. ರಂಗದ ಮುಂಭಾಗದಲ್ಲಿ ಮೇಲಿಂದ ಸಾಲಾಗಿ ಇಳಿಬಿಟ್ಟಿರುತ್ತಾರೆ. ಅಳುವ ತಾಯಿ ಅಳುತ್ತಲೇ ಹೆಜ್ಜೆ ಸರಿಸಿ ಸರಿಯಾಗಿ ಮೈಕಿನ ಕೆಳಗೇ ಬರುತ್ತಾಳೆ. ಜಗಳ ಆಡುವವರು ಒಬ್ಬರ ಮಾತು ಮುಗಿಯುತ್ತಿದ್ದಂತೆ ಜಾಗ ಬಿಟ್ಟುಕೊಡುತ್ತಾರೆ. ಒಮ್ಮೆ ಇದು ಕಣ್ಣಿಗೆ ಬಿತ್ತೆಂದರೆ ಕಥೆಗಿಂತ ಅವರ ಕಾಲನ್ನೇ ನೋಡುತ್ತಾ ಕೂರುತ್ತೀರಿ. ಕ್ಯಾಮೆರಾ ಎಲ್ಲಿದೆ ಅಂತ ನೋಡದೆಯೇ ಗೊತ್ತಿರುವ ನಟರು ಇಂಥ ಕಡೆಯಿಂದ ಬಂದಿದ್ದರೆ ಆಶ್ಚರ್ಯ ಏನಿದೆ?

ಕರಾವಳಿಯಲ್ಲಂತೂ ಈ ನೆಂಟಸ್ತನ ಈಗಲೂ ಬಿಸಿಬಿಸಿಯಾಗಿದೆ. ತುಳುವಿನಲ್ಲಿ 'ಒರಿಯರ್ದೊರಿ ಅಸಲ್' ಮೊದಲು ನಾಟಕ, ಆಮೇಲೆ ಸಿನಿಮಾ. 'ಕಾಂತಾರ'ದಲ್ಲಿ ಗುರುವನಾಗಿ ಎಲ್ಲರ ಕಣ್ಣಲ್ಲಿ ನೀರು ತರಿಸಿದ ಸ್ವರಾಜ್ ಶೆಟ್ಟಿ, 'ಶಿವದೂತೆ ಗುಳಿಗೆ' ನಾಟಕದಲ್ಲಿ ಗುಳಿಗ ದೈವವಾಗಿ ಅಬ್ಬರಿಸುವವರು. ಆ ಅಬ್ಬರ ನೋಡಿದವರಿಗೆ ಸಿನಿಮಾದ ಮೆತ್ತಗಿನ ಗುರುವ ಇನ್ನೂ ಜಾಸ್ತಿ ತಟ್ಟುತ್ತಾನೆ. ಅದೇ ಚಿತ್ರದ ಒಡೆಯ ಅಚ್ಯುತ್ ಕುಮಾರ್ ಬಂದದ್ದು ಹೆಗ್ಗೋಡಿನ ನೀನಾಸಂ ರಂಗಶಾಲೆಯಿಂದ. ಮೆಲುದನಿಯಲ್ಲಿ, ನಗುನಗುತ್ತಾ ಭಯ ಹುಟ್ಟಿಸುತ್ತಾರೆ. ಅಷ್ಟೇಕೆ, ನಾನು ವಿಸಿಲ್ ಹೊಡೆದ ಯಶ್ ಕೂಡ ಬೆನಕ ನಾಟಕ ತಂಡದಲ್ಲಿ ತೆರೆಯ ಹಿಂದೆ ದುಡಿದವರೇ.

ಹಾಗಂತ ನಾಟಕ ಅಂದ ತಕ್ಷಣ ಕೈ ಮುಗಿಯುವವನು ನಾನಲ್ಲ. ಕಂಪನಿ ನಾಟಕಗಳಲ್ಲಿ ಡಬಲ್ ಮೀನಿಂಗ್ ಎಷ್ಟೋ ಸಲ ಮಿತಿ ಮೀರುತ್ತದೆ, ಮನೆಯವರ ಜೊತೆ ಕೂತಿದ್ದರೆ ಎದ್ದು ಹೋಗಬೇಕು ಅನಿಸುತ್ತದೆ. ಬೆಂಗಳೂರಿನ ಹವ್ಯಾಸಿ ನಾಟಕಗಳದ್ದು ಬೇರೆ ಕಾಯಿಲೆ. ಕಪ್ಪು ಬಟ್ಟೆ ಹಾಕಿಕೊಂಡ ಕೋರಸ್, ಎರಡು ಕೋಲು, ಮಧ್ಯೆ ಮಧ್ಯೆ ನಮಗೆ ಬುದ್ಧಿ ಹೇಳುವ ಮಾತು. ಜನ ಬೋರಾಗಿದ್ದಾರೆ ಅಂತ ಗೊತ್ತಾದರೂ ತಿದ್ದಿಕೊಳ್ಳುವುದಿಲ್ಲ, ಜನರಿಗೇ ಅರ್ಥ ಆಗಲಿಲ್ಲ ಅನ್ನುತ್ತಾರೆ. ಕಂಪನಿಯವರಿಗೆ ಆ ಸೌಭಾಗ್ಯ ಇಲ್ಲ. ಕಲೆಕ್ಷನ್ ಬಿದ್ದರೆ ಅವರು ಮುಂದಿನ ಊರಿಗೆ ಸಾಮಾನು ಕಟ್ಟಬೇಕು.

ಸಿನಿಮಾದವರ ಮೇಲೂ ಒಂದು ಸಿಟ್ಟಿದೆ. ರಂಗಭೂಮಿಯಲ್ಲಿ ಪಳಗಿದ ನಟರನ್ನು ಕರೆಸುತ್ತಾರೆ, ಹೀರೊನ ಅಪ್ಪನ ಪಾತ್ರ ಕೊಡುತ್ತಾರೆ, ಇಂಟರ್ವಲ್ ಹೊತ್ತಿಗೆ ಸಾಯಿಸುತ್ತಾರೆ. ಬೆಣ್ಣೆ ತಂದು ಬೀದಿಗೆ ಚೆಲ್ಲಿದ ಹಾಗೆ.

ದುಡ್ಡಿನ ಮಾತು ಬಿಡುವ ಹಾಗಿಲ್ಲ. ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿ ಸರ್ಕಾರ 2025ರಲ್ಲಿ ನಿಯಮ ತಂದಿತು, ಹೈಕೋರ್ಟ್ ತಡೆ ಕೊಟ್ಟಿತು. ಮಲ್ಟಿಪ್ಲೆಕ್ಸ್‌ನಲ್ಲಿ ದೊಡ್ಡ ಸಿನಿಮಾಗೆ, ಅದೂ ವಾರದ ಕೊನೆಯಲ್ಲಿ ಕೊಡುವ ದುಡ್ಡಿನಲ್ಲಿ ಇಬ್ಬರು ಆರಾಮಾಗಿ ಒಂದು ನಾಟಕ ನೋಡಬಹುದು.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ: ಮೊದಲ ಸಲವೇ ರಾತ್ರಿಯಿಡೀ ನಡೆಯುವ 'ಮಲೆಗಳಲ್ಲಿ ಮದುಮಗಳು' ತರಹದ್ದಕ್ಕೆ ಕೈ ಹಾಕಬೇಡಿ, ಸುಸ್ತಾಗುತ್ತೀರಿ. ಜನವರಿಯಲ್ಲಿ ಉತ್ತರ ಕರ್ನಾಟಕದ ಕಡೆ ಹೋಗುವುದಿದ್ದರೆ ಬನಶಂಕರಿ. ಬೆಂಗಳೂರಲ್ಲೇ ಆದರೆ ಜೆ.ಪಿ. ನಗರದ ರಂಗಶಂಕರ. ಅಲ್ಲಿಗೆ ಹೋಗುವಾಗ ಸ್ವಲ್ಪ ಬೇಗ ಹೊರಡಿ. ಸಿನಿಮಾಗೆ ಹೋದ ಹಾಗೆ ಜಾಹೀರಾತು ಮುಗಿದ ಮೇಲೆ ನುಸುಳೋಣ ಅಂದರೆ ಆಗುವುದಿಲ್ಲ. ಹೊತ್ತಾದ ಮೇಲೆ ಬಾಗಿಲು ಹಾಕುತ್ತಾರೆ, ಯಾರಿಗೂ ತೆಗೆಯುವುದಿಲ್ಲ.