ಶೇಕಡ 60 ಆಗಲಿಲ್ಲವಂತೆ

ಮೊನ್ನೆ ರಾತ್ರಿ ಇಂಗ್ಲೆಂಡಿನಿಂದ ಅಕ್ಕ ಫೋನ್ ಮಾಡಿದ್ದಳು. ನಮ್ಮ ದೊಡ್ಡಮ್ಮನ ಮಗಳು. ಕೋವಿಡ್ ಲಸಿಕೆಯಿಂದ ಆದ ತೊಂದರೆಗೆ ಅವಳು ಹಾಕಿದ್ದ ಪರಿಹಾರದ ಅರ್ಜಿಗೆ ಕೊನೆಗೂ ಉತ್ತರ ಬಂದಿತ್ತು.

"ಲಸಿಕೆಯಿಂದಲೇ ಆಗಿದ್ದು ಅಂತ ಒಪ್ಪಿಕೊಂಡಿದ್ದಾರೆ ಕಣೇ."

ಸದ್ಯ, ಅಂದೆ.

"ಪೂರ್ತಿ ಕೇಳು. ಆದರೆ ಅಂಗವೈಕಲ್ಯ ಶೇಕಡ 60ರಷ್ಟು ಆಗಿಲ್ಲವಂತೆ. ಅದಕ್ಕೇ ಏನೂ ಕೊಡೋಕಾಗಲ್ಲವಂತೆ." ಆಮೇಲೆ ಕೇಳಿದಳು, "ಹಾಗಾದ್ರೆ ನನಗೆ ಇನ್ನೂ ಸ್ವಲ್ಪ ಜಾಸ್ತಿ ಆಗಬೇಕಿತ್ತಾ?"

ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಅಕ್ಕ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. 2021ರ ಶುರುವಿನಲ್ಲಿ ಲಸಿಕೆ ಬಂದಾಗ ಮೊದಲ ಸಾಲಿನಲ್ಲೇ ನಿಂತಳು. ತನ್ನಿಂದ ಆ ಅಜ್ಜ ಅಜ್ಜಿಯರಿಗೆ ಸೋಂಕು ಹತ್ತಬಾರದು ಅನ್ನೋದೇ ಅವಳ ಚಿಂತೆಯಾಗಿತ್ತು. ಕೆಲವು ದಿನ ಕಳೆದ ಮೇಲೆ ತಡೆಯಲಾರದ ತಲೆನೋವು. ಪ್ಲೇಟ್‌ಲೆಟ್ ಕುಸಿದಿತ್ತು, ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಲಕ್ಷಕ್ಕೆ ಒಬ್ಬಿಬ್ಬರಿಗೆ ಆಗುವ ತೊಂದರೆ. ಜೀವ ಉಳಿಯಿತು. ಎಡಗೈಯಲ್ಲಿ ಈಗಲೂ ಹಿಡಿತವಿಲ್ಲ. ಮಾತಾಡುತ್ತಾ ಮಾತಾಡುತ್ತಾ ಮುಂದಿನ ಪದ ಸಿಗದೆ ನಿಂತುಬಿಡುತ್ತಾಳೆ. ಕೆಲಸ ಬಿಡಬೇಕಾಯಿತು. ಇಷ್ಟಾದರೂ ಅವಳು ಲಸಿಕೆಯ ವಿರೋಧಿಯಲ್ಲ. ಆಮೇಲೆ ಮಗನಿಗೆ ತಾನೇ ಕರೆದುಕೊಂಡು ಹೋಗಿ ಹಾಕಿಸಿದಳು.

ಲಸಿಕೆಯಿಂದ ಹಾನಿಯಾದವರಿಗೆ ಪರಿಹಾರ ಕೊಡುವ ಬ್ರಿಟನ್ನಿನ ಕಾನೂನು 1979ರದು. ನಾಯಿಕೆಮ್ಮಿನ ಲಸಿಕೆಯ ಬಗ್ಗೆ ದೊಡ್ಡ ಗಲಾಟೆ ಎದ್ದ ಕಾಲದಲ್ಲಿ ಬಂದಿದ್ದು. ಅದರಲ್ಲಿ ಒಂದು ಒಳ್ಳೆಯ ಅಂಶ ಇದೆ, ಅದನ್ನು ಹೇಳಲೇಬೇಕು. ಯಾರದೋ ತಪ್ಪಿತ್ತು ಅಂತ ಸಾಬೀತು ಮಾಡಬೇಕಿಲ್ಲ. ಲಸಿಕೆಯಿಂದ ಆಯಿತು ಅಂತ ತೋರಿಸಿದರೆ ಸಾಕು. ಕೋವಿಡ್ ಲಸಿಕೆಯನ್ನೂ 2020ರ ಕೊನೆಗೇ ಪಟ್ಟಿಗೆ ಸೇರಿಸಿದರು. ಆದರೆ ಅಂಗವೈಕಲ್ಯ ಶೇ. 60 ಮುಟ್ಟಬೇಕು. 2002ಕ್ಕೆ ಮೊದಲು 80 ಇತ್ತಂತೆ! ಮುಟ್ಟಿದರೆ ಒಂದೇ ಗಂಟಿನಲ್ಲಿ 1,20,000 ಪೌಂಡ್. 2007ರಲ್ಲಿ ನಿಗದಿಯಾದ ಮೊತ್ತ ಅದು. ಮುಟ್ಟದಿದ್ದರೆ ಸೊನ್ನೆ. ನಡುವೆ ಏನೂ ಇಲ್ಲ.

ಈ 60 ಅನ್ನೋದನ್ನು ಹೇಗೆ ಅಳೀತಾರೆ ಅಂತ ಹುಡುಕಿದೆ. ಕೆಲಸದ ಜಾಗದಲ್ಲಿ ಗಾಯಗೊಂಡವರಿಗೆ ಅಂತ ಮಾಡಿದ ಒಂದು ಪಟ್ಟಿ ಇದೆ. ಹೆಬ್ಬೆರಳು ಹೋದರೆ 30. ಮಣಿಕಟ್ಟಿನವರೆಗೆ ಕೈ ಹೋದರೆ 60. ಒಂದು ಕಣ್ಣು ಪೂರ್ತಿ ಹೋದರೂ 60 ಆಗಲ್ಲ. ಪದ ಸಿಗದೆ ನಿಲ್ಲುವುದಕ್ಕೆ ಎಷ್ಟು ಹಾಕಿದರೋ. ಅಕ್ಕನನ್ನು ಯಾರೂ ಎದುರು ಕೂರಿಸಿಕೊಂಡು ನೋಡಲೇ ಇಲ್ಲ. ಆಸ್ಪತ್ರೆಯ ಕಾಗದ ಓದಿ ಅಂಕ ಹಾಕಿದ್ದಾರೆ. ಕಾಗದದಲ್ಲಿ ಅವಳು "ಚೇತರಿಸಿಕೊಂಡಿದ್ದಾಳೆ".

ಇದಕ್ಕಿಂತ ಸಿಟ್ಟು ತರಿಸಿದ್ದು ಇನ್ನೊಂದಿದೆ. ಅದೇ ದೇಶದಲ್ಲಿ, ಅದೇ ಪಟ್ಟಿ ಹಿಡಿದು, ಕಾರ್ಖಾನೆಯಲ್ಲಿ ಗಾಯಗೊಂಡವರಿಗೆ ಶೇ. 14ರಿಂದಲೇ ಭತ್ಯೆ ಶುರುವಾಗುತ್ತದೆ. ತೊಂದರೆ ಹೆಚ್ಚಾದಂತೆ ಹಣವೂ ಹೆಚ್ಚುತ್ತದೆ. ಅದು ಸರಿ, ಹಾಗೇ ಇರಬೇಕು. ಆದರೆ ಸರ್ಕಾರ ಕರೆದದ್ದಕ್ಕೆ ತೋಳು ಚಾಚಿದವರಿಗೆ ಯಾಕೆ ಬೇರೆ ಲೆಕ್ಕ? ಜರ್ಮನಿಯಲ್ಲಿ 1961ರಿಂದಲೇ ಇದಕ್ಕೆ ಕಾನೂನಿದೆ. ಅಲ್ಲಿ ಹಾನಿ ಎಷ್ಟು ಅಂತ ನೋಡಿ ಪಿಂಚಣಿ ಕೊಡುತ್ತಾರೆ. ಮಾಡೋಕೆ ಬರುತ್ತೆ ಅಂತ ಆಯಿತಲ್ಲ.

ಅಮೆರಿಕದ ಕಥೆ ಇನ್ನೂ ಬೇಸರದ್ದು. ಮಾಮೂಲಿ ಲಸಿಕೆಗಳಿಗೆ 1986ರ ಕಾನೂನಿದೆ. ತೊಂದರೆ ಕಾಣಿಸಿಕೊಂಡ ಮೇಲೆ ಅರ್ಜಿಗೆ ಮೂರು ವರ್ಷ ಸಮಯ, ವಿಚಾರಣೆಗೆ ನ್ಯಾಯಾಲಯ, ವಕೀಲರ ಖರ್ಚೂ ಸಿಗುತ್ತದೆ. ಕೋವಿಡ್ ಲಸಿಕೆಯನ್ನು ಮಾತ್ರ ತುರ್ತು ಪರಿಸ್ಥಿತಿಗಳಿಗೆ ಅಂತ ಇರುವ ಬೇರೆ ಯೋಜನೆಗೆ ಹಾಕಿದರು. ಅದರಲ್ಲಿ ಲಸಿಕೆ ಹಾಕಿಸಿಕೊಂಡ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವಕೀಲರ ಖರ್ಚಿಲ್ಲ, ನೋವಿಗೆ ಅಂತ ಹಣವಿಲ್ಲ, ಕೋರ್ಟಿಗೆ ಹೋಗುವ ದಾರಿಯೂ ಇಲ್ಲ. ಕೋವಿಡ್ ಅರ್ಜಿಗಳು ಹತ್ತು ಸಾವಿರ ದಾಟಿದವು, ಹಣ ಸಿಕ್ಕಿದ್ದು ಬೆರಳೆಣಿಕೆಯ ಜನಕ್ಕೆ. ಎಲ್ಲರೂ ಬೇಗ ಬನ್ನಿ ಅಂತ ಕರೆದ ಹೊತ್ತಿನಲ್ಲೇ ಪರಿಹಾರದ ಬಾಗಿಲನ್ನು ಇಷ್ಟು ಕಿರಿದು ಮಾಡಿದ್ದಾರೆ.

ನಮ್ಮ ಭಾವನ ಹತ್ತಿರ ಇದನ್ನೆಲ್ಲ ಹೇಳಿದೆ. "ಸುಮ್ನೆ ಇದನ್ನ ಎಲ್ಲರ ಮುಂದೆ ಹೇಳಬೇಡ. ಲಸಿಕೆ ಬೇಡ ಅನ್ನೋರಿಗೆ ಇಷ್ಟು ಸಾಕು" ಅಂದರು. ಭಾವ ಒಳ್ಳೆಯವರು, ಓದಿಕೊಂಡವರು. ಆದರೆ ಈ ವಿಷಯದಲ್ಲಿ ಅವರದು ಪುಕ್ಕಲುತನ ಅಂತಲೇ ನನಗನಿಸುತ್ತದೆ. ಲಸಿಕೆ ಅಸಂಖ್ಯ ಜೀವ ಉಳಿಸಿತು. ಅಕ್ಕನ ಕೈಯ ಹಿಡಿತ ಹೋಯಿತು. ಎರಡೂ ನಿಜ ಅಲ್ವಾ? ಮೊದಲನೆಯದನ್ನು ಕಾಪಾಡಲು ಎರಡನೆಯದನ್ನು ಮುಚ್ಚಿಟ್ಟರೆ, ಅಕ್ಕನಂಥವರ ಮಾತು ಕೇಳಿಸಿಕೊಳ್ಳೋಕೆ ಕೊನೆಗೆ ಉಳಿಯುವವರು ಲಸಿಕೆ ಬೇಡ ಅನ್ನುವವರೇ. ಅಕ್ಕನಿಗೆ ಅಂಥ ಗುಂಪಿನವರು ಆಗಲೇ ಮೆಸೇಜ್ ಮಾಡಿದ್ದಾರೆ. ಅವಳು ಉತ್ತರ ಕೊಟ್ಟಿಲ್ಲ. ಎಲ್ಲರ ಒಳಿತಿಗೆ ಅಂತ ಮಾಡಿದ ಕೆಲಸದಲ್ಲಿ ಏಟು ಬಿದ್ದದ್ದು ಒಬ್ಬಳಿಗೆ. ಅದರ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು. ಇದನ್ನು ದಾನ ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ.

ಹುಡುಕುವಾಗ ಒಂದು ಉಪಯೋಗದ ಸಂಗತಿ ಸಿಕ್ಕಿತು. 2009ರ ಹಂದಿಜ್ವರದ ಸಮಯದಲ್ಲಿ ಹಾಕಿದ ಒಂದು ಲಸಿಕೆಯಿಂದ ಕೆಲವು ಮಕ್ಕಳಿಗೆ ಹಗಲು ಹೊತ್ತಿನಲ್ಲೇ ತಡೆಯಲಾಗದ ನಿದ್ದೆ ಬರುವ ಕಾಯಿಲೆ ಅಂಟಿಕೊಂಡಿತ್ತು. ಅಂಥ ಒಬ್ಬ ಹುಡುಗನ ಕೇಸಿನಲ್ಲಿ 2017ರಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಇವತ್ತಿನ ತೊಂದರೆಯನ್ನಷ್ಟೇ ನೋಡಿದರೆ ಸಾಲದು, ಮುಂದೆ ಬದುಕಿನಲ್ಲಿ ಎದುರಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂದಿತು. ಅದನ್ನು ಅಕ್ಕನಿಗೆ ಓದಿ ಹೇಳಿದೆ.

ಮರುಪರಿಶೀಲನೆಗೆ ಬರೆಯುತ್ತೇನೆ ಅಂದಿದ್ದಾಳೆ. ಅದೂ ಆಗದಿದ್ದರೆ ಟ್ರಿಬ್ಯೂನಲ್ ಇದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ತನ್ನಿಂದ ಏನೇನು ಆಗಲ್ಲ ಅಂತ ಈಗ ಒಂದೊಂದಾಗಿ ಹೇಳುತ್ತಿದ್ದಾಳೆ, ಮಗ ಟೈಪ್ ಮಾಡುತ್ತಿದ್ದಾನೆ. ತಮ್ಮ ಕ್ಷೇತ್ರದ ಸಂಸದರಿಗೂ ಒಂದು ಪತ್ರ ಹೋಗಲಿದೆ. ಅದರಲ್ಲಿ 14 ಮತ್ತು 60ರ ವಿಷಯವನ್ನು ಮೊದಲ ಸಾಲಿನಲ್ಲೇ ಹಾಕು ಅಂದಿದ್ದೇನೆ.